ಸಾಧನದ ನೆಲೆ: ಮೌಂಟ್ ಪಟ್ಟಿಯನ್ನು ಓದುವ ಬಗೆ

ಲಿನಕ್ಸ್ ಹಾಗೂ ಅದಕ್ಕೆ ಮಾದರಿಯಾದ ಯುನಿಕ್ಸ್ ವ್ಯವಸ್ಥೆಗಳಲ್ಲಿ ಕಡತಗಳೆಲ್ಲವೂ ಒಂದೇ ಮರಕ್ಕೆ ಸೇರಿರುತ್ತವೆ. ಓರೆಗೆರೆಯೊಂದರಿಂದ (/) ಸೂಚಿಸಲಾಗುವ, ರೂಟ್ ಎಂಬ ಹೆಸರಿನ ಬುಡದಿಂದ ಈ ಮರ ಹೊರಡುತ್ತದೆ. ಕಡತಗಳನ್ನು ಒಳಗೊಳ್ಳುವ ಕೋಶಗಳು, ಅಂದರೆ ಡೈರೆಕ್ಟರಿಗಳು, ಅದರ ಕೊಂಬೆಗಳು. ಕಂಪ್ಯೂಟರಿನೊಳಗೆ ಒಂದು ಡಿಸ್ಕ್ ಇರಲಿ, ಹತ್ತು ಇರಲಿ, ಪಕ್ಕದ ಕಿಂಡಿಯಲ್ಲಿ ಪೆನ್ ಡ್ರೈವ್ ಸಿಕ್ಕಿಸಿರಲಿ, ಬಳಸುವವರಿಗೆ ಕಾಣುವುದು ಈ ಒಂದು ಮರ ಮಾತ್ರ. ವಿಂಡೋಸ್ ರೂಢಿಯಾದವರಿಗೆ ಇದು ಮೊದಮೊದಲು ಗೊಂದಲ ಉಂಟುಮಾಡುತ್ತದೆ, ಏಕೆಂದರೆ ಅಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಡ್ರೈವಿಗೂ ಸಿ, ಡಿ, ಇ ಎಂಬಂತೆ ಒಂದು ಅಕ್ಷರವಿದ್ದು, ಕಡತದ ವಿಳಾಸದ ಮೊದಲಕ್ಷರವೇ ಅದರ ಡ್ರೈವನ್ನು ತಿಳಿಸಿಬಿಡುತ್ತದೆ. ಯುನಿಕ್ಸ್ ಮರದಲ್ಲಿ ವಿಳಾಸ ಅಷ್ಟನ್ನು ಹೇಳುವುದಿಲ್ಲ. ಅಕ್ಕಪಕ್ಕದಲ್ಲಿ ಕಾಣುವ ಎರಡು ಕೋಶಗಳಲ್ಲಿ ಒಂದು ಒಳಗಿನ ಡಿಸ್ಕಿನಲ್ಲಿಯೂ ಇನ್ನೊಂದು ಬೇರೊಂದು ಊರಿನ ಸರ್ವರಿನಲ್ಲಿಯೂ ಇರಬಹುದು.

ಆದುದರಿಂದ ಡಿಸ್ಕ್ ಅಥವಾ ಪೆನ್ ಡ್ರೈವಿನಂಥ ಒಂದು ಸಾಧನವು ಮರದ ಯಾವ ಕೊಂಬೆಯಲ್ಲಿ ಸೇರಿಕೊಂಡಿದೆ ಎಂಬುದು ಪ್ರತ್ಯೇಕವಾಗಿ ಕೇಳಿ ತಿಳಿಯಬೇಕಾದ ಸಂಗತಿಯಾಗುತ್ತದೆ. ಈ ಪ್ರಶ್ನೆಗೆ ಉತ್ತರ ಸಾಧನದೊಳಗೆ ಇರುವುದಿಲ್ಲ ಎಂಬುದನ್ನು ಮೊದಲೇ ಗಮನಿಸುವುದು ಒಳ್ಳೆಯದು. ಲಿನಕ್ಸಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಇಎಕ್ಸ್‌ಟಿ4 ಎಂಬ ಕಡತವ್ಯವಸ್ಥೆ, ಅಂದರೆ ಸಾಧನದಲ್ಲಿ ಕಡತಗಳನ್ನು ಜೋಡಿಸಿಡುವ ಏರ್ಪಾಡು, ತಾನು ಕಳೆದ ಬಾರಿ ಎಲ್ಲಿ ಸೇರಿಕೊಂಡಿದ್ದೆನೆಂಬುದನ್ನು ತನ್ನ ಮೊದಲ ಪುಟದಂತಿರುವ ಸೂಪರ್‌ಬ್ಲಾಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ನಿಜ. ಆದರೆ ಅದು ಹಿಂದಿನ ವಿಚಾರ. ಈ ಕ್ಷಣದ ನೆಲೆಯನ್ನು ಬಲ್ಲದ್ದು ಕರ್ನೆಲ್ ಮಾತ್ರ. ಯಂತ್ರಾಂಶಕ್ಕೂ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಿರ್ವಹಿಸುವ ಈ ಮೂಲ ಕ್ರಮವಿಧಿಯು ಸಾಧನ ಮತ್ತು ಕೊಂಬೆಗಳ ನಂಟನ್ನು ತನ್ನ ಸ್ಮೃತಿಯಲ್ಲಿ ಒಂದು ಪಟ್ಟಿಯಾಗಿ ಇಟ್ಟುಕೊಂಡಿರುತ್ತದೆ. ಕಂಪ್ಯೂಟರ್ ಆರಿದರೆ ಪಟ್ಟಿಯೂ ಇಲ್ಲವಾಗುತ್ತದೆ. ಕಮಾಂಡ್ ಲೈನಿನಲ್ಲಿ, ಅಂದರೆ ಟೈಪ್ ಮಾಡಿದ ಆದೇಶಗಳ ಮೂಲಕ ಕಂಪ್ಯೂಟರಿನೊಡನೆ ವ್ಯವಹರಿಸುವ ಪರದೆಯಲ್ಲಿ, ದೊರೆಯುವ ಉಪಕರಣಗಳೆಲ್ಲ ಈ ಪಟ್ಟಿಯನ್ನು ಬೇರೆ ಬೇರೆ ಕೋನಗಳಿಂದ ಓದಿ ಹೇಳುವಂಥವು. ಯಾವ ಉಪಕರಣ ಏನನ್ನು ನೋಡಿ ಹೇಳುತ್ತಿದೆ ಎಂಬ ಅರಿವಿಲ್ಲದಿದ್ದರೆ ಅವುಗಳ ಉತ್ತರಗಳು ಪರಸ್ಪರ ವಿರುದ್ಧವೆನಿಸುತ್ತವೆ.

ಸಾಧನವನ್ನು ಮರಕ್ಕೆ ಕೂಡಿಸುವ ಈ ಪದ್ಧತಿ ಹೆಚ್ಚುಕಡಿಮೆ ಯುನಿಕ್ಸಿನಷ್ಟೇ ಹಳೆಯದು. ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1969ರಲ್ಲಿ ಆರಂಭಿಸಿದ ಕೆಲಸ ರೂಪುಗೊಂಡು, 1971ರ ನವೆಂಬರ್ 3ರ ದಿನಾಂಕ ಹೊತ್ತ ಮೊದಲ ಕೈಪಿಡಿ ಹೊರಬಂದಾಗ, ಸಾಧನವನ್ನು ಮರಕ್ಕೆ ಸೇರಿಸುವ ಮೌಂಟ್, ಬಿಡಿಸುವ ಯುಮೌಂಟ್ ಮತ್ತು ಖಾಲಿ ಜಾಗವನ್ನು ತಿಳಿಸುವ ಡಿಎಫ್ ಎಂಬ ಆದೇಶಗಳು ಅದರಲ್ಲಾಗಲೇ ಇದ್ದವು. ಇವರಿಬ್ಬರೂ 1974ರ ಜುಲೈನಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಇದರ ಹಿನ್ನೆಲೆ ತಿಳಿಯುತ್ತದೆ. ಅವರ ಪಿಡಿಪಿ-11 ಯಂತ್ರಕ್ಕೆ ಒಂದು ಮೆಗಾಬೈಟಿನ ಸ್ಥಿರ ಡಿಸ್ಕೊಂದು, ತಲಾ 2.5 ಮೆಗಾಬೈಟಿನ ತೆಗೆದು ಹಾಕಬಹುದಾದ ನಾಲ್ಕು ಡಿಸ್ಕುಗಳು ಹಾಗೂ 40 ಮೆಗಾಬೈಟಿನ ದೊಡ್ಡ ಡಿಸ್ಕೊಂದು ಇದ್ದವು. ಮರದ ಬುಡ ಸ್ಥಿರ ಡಿಸ್ಕಿನಲ್ಲಿತ್ತು; ಬಳಕೆದಾರರ ಕಡತಗಳಿದ್ದ ದೊಡ್ಡ ಡಿಸ್ಕನ್ನು ಯಂತ್ರ ಚಾಲೂ ಆಗುವಾಗಲೇ ಮರಕ್ಕೆ ಸೇರಿಸಲಾಗುತ್ತಿತ್ತು; ಸಣ್ಣ ಡಿಸ್ಕುಗಳನ್ನು ಬಳಕೆದಾರರು ತಮ್ಮ ತಮ್ಮ ಕೆಲಸಕ್ಕೆ ತಂದು ಹಾಕಿಕೊಳ್ಳುತ್ತಿದ್ದರು. ಮಾವಿನ ಗಿಡಕ್ಕೆ ಬೇರೊಂದು ತಳಿಯ ಕಡ್ಡಿಯನ್ನು ಕಸಿ ಕಟ್ಟಿದ ಹಾಗೆ, ತನ್ನದೇ ಬುಡ ಮತ್ತು ಕೊಂಬೆಗಳುಳ್ಳ ಒಂದು ಕಡತವ್ಯವಸ್ಥೆಯನ್ನು ದೊಡ್ಡ ಮರದ ಯಾವುದೋ ಕೊಂಬೆಗೆ ಕೂಡಿಸುವುದೇ ಮೌಂಟ್ ಮಾಡುವಿಕೆ. ಕೂಡಿದ ಜಾಗವೇ ಮೌಂಟ್ ಪಾಯಿಂಟ್. ಅರ್ಧ ಶತಮಾನದಲ್ಲಿ ಡಿಸ್ಕುಗಳ ಗಾತ್ರ ಲಕ್ಷಾಂತರ ಪಟ್ಟು ಬೆಳೆದಿದ್ದರೂ ಈ ಕಲ್ಪನೆ ಹೆಚ್ಚುಕಡಿಮೆ ಹಾಗೆಯೇ ಉಳಿದುಬಂದಿರುವುದು ಅದರ ಗಟ್ಟಿತನಕ್ಕೆ ಸಾಕ್ಷಿ.

ಕೂಡಿಸುವ ಜಾಗ ಮೊದಲೇ ಇರುವ ಒಂದು ಕೋಶವಾಗಿರಬೇಕು. ಅದು ಖಾಲಿಯಿರಬೇಕೆಂಬ ನಿಯಮ ಲಿನಕ್ಸಿನಲ್ಲಿ ಇಲ್ಲ. ಅದರಲ್ಲಿ ಕಡತಗಳಿದ್ದರೆ ಮೌಂಟ್ ಆದ ಕ್ಷಣದಿಂದ ಅವು ಕಣ್ಮರೆಯಾಗುತ್ತವೆ, ಅಳಿಯುವುದಿಲ್ಲ. ಮೇಲೆ ಬಂದು ಕುಳಿತ ಕಡತವ್ಯವಸ್ಥೆಯ ಅಡಿಯಲ್ಲಿ ಅವಿತಿದ್ದು, ಅದು ತೆರವಾದಾಗ ಮತ್ತೆ ಕಾಣಿಸಿಕೊಳ್ಳುತ್ತವೆ. ಸಣ್ಣದೆಂದು ತೋರುವ ಈ ಸಂಗತಿಯಿಂದ ದೊಡ್ಡ ತೊಡಕುಗಳು ಹುಟ್ಟುವುದುಂಟಾದ್ದರಿಂದ ಮುಂದೆ ಇದನ್ನು ಮತ್ತೊಮ್ಮೆ ಎತ್ತಿಕೊಳ್ಳಬೇಕಾಗುತ್ತದೆ.

ನೆಲೆಯನ್ನು ಹುಡುಕುವ ಮೊದಲು ಸಾಧನವನ್ನು ಗುರುತಿಸಬೇಕಷ್ಟೆ. ದತ್ತಾಂಶವನ್ನು 512 ಅಥವಾ 4096 ಬೈಟುಗಳಂಥ ನಿಗದಿತ ಅಳತೆಯ ತುಂಡುಗಳಲ್ಲಿ ಓದಿ ಬರೆಯುವ ಡಿಸ್ಕಿನಂಥವುಗಳಿಗೆ ಬ್ಲಾಕ್ ಸಾಧನಗಳೆಂದು ಹೆಸರು. ಅವುಗಳನ್ನು ಸೂಚಿಸುವ ವಿಶೇಷ ಕಡತಗಳು /ಡೆವ್ ಎಂಬ ಕೋಶದಲ್ಲಿರುತ್ತವೆ. ಕರ್ನೆಲ್ ಮೊದಲು ಕಂಡ ಸಾಟಾ ಡಿಸ್ಕ್ ಅಥವಾ ಪೆನ್ ಡ್ರೈವಿಗೆ ಎಸ್‌ಡಿಎ, ಎರಡನೆಯದಕ್ಕೆ ಎಸ್‌ಡಿಬಿ ಎಂಬ ಹೆಸರುಗಳು ಬೀಳುತ್ತವೆ. ಡಿಸ್ಕನ್ನು ಪಾರ್ಟಿಷನ್‌ಗಳಾಗಿ ವಿಂಗಡಿಸಿದ್ದರೆ ಹೆಸರಿನ ಕೊನೆಗೆ ಅಂಕಿ ಸೇರಿ ಎಸ್‌ಡಿಬಿ1, ಎಸ್‌ಡಿಬಿ2 ಎಂದಾಗುತ್ತದೆ. ಇತ್ತೀಚಿನ ವೇಗದ ಎನ್‌ವಿಎಮ್‌ಇ ಡಿಸ್ಕುಗಳ ಮತ್ತು ಮೆಮೊರಿ ಕಾರ್ಡುಗಳ ಹೆಸರುಗಳು ಬೇರೆ ಬಗೆಯವು. ಕರ್ನೆಲಿಗೆ ಈ ಹೆಸರುಗಳಿಗಿಂತ ಮುಖ್ಯವಾದದ್ದು ಸಾಧನದ ಎರಡು ಅಂಕಿಗಳು: ಯಾವ ಚಾಲಕ ತಂತ್ರಾಂಶ ಅದನ್ನು ನೋಡಿಕೊಳ್ಳುತ್ತದೆಂದು ಹೇಳುವ ಮೇಜರ್ ಸಂಖ್ಯೆ, ಆ ಚಾಲಕದ ಕೈಕೆಳಗಿನ ಸಾಧನಗಳಲ್ಲಿ ಇದು ಎಷ್ಟನೆಯದೆಂದು ಹೇಳುವ ಮೈನರ್ ಸಂಖ್ಯೆ. ಎಸ್‌ಡಿಎಗೆ 8:0, ಅದರ ಮೊದಲ ಪಾರ್ಟಿಷನ್ನಿಗೆ 8:1 ಎಂದಿದ್ದು, ಪ್ರತಿ ಡಿಸ್ಕಿಗೆ ಹದಿನಾರು ಮೈನರ್ ಸಂಖ್ಯೆಗಳನ್ನು ಮೀಸಲಿಟ್ಟಿರುವುದರಿಂದ ಎಸ್‌ಡಿಬಿಗೆ 8:16, ಎಸ್‌ಡಿಬಿ1ಕ್ಕೆ 8:17 ಬರುತ್ತದೆ.

ಈ ಮಾಹಿತಿಯನ್ನೆಲ್ಲ ಒಂದೆಡೆ ತೋರಿಸುವ ಆದೇಶ ಎಲ್‌ಎಸ್‌ಬಿಎಲ್‌ಕೆ. ಬ್ಲಾಕ್ ಸಾಧನಗಳನ್ನು ಪಟ್ಟಿ ಮಾಡು ಎಂಬ ಅರ್ಥದ ಈ ಐದಕ್ಷರಗಳನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಡಿಸ್ಕುಗಳೂ ಅವುಗಳ ಕೆಳಗೆ ಪಾರ್ಟಿಷನ್‌ಗಳೂ ಸಾಲಾಗಿ ಮೂಡಿ, ಹೆಸರು, ಮೇಜರ್ ಮತ್ತು ಮೈನರ್ ಸಂಖ್ಯೆಗಳು, ಗಾತ್ರ, ಬಗೆ ಇವುಗಳಾದ ಮೇಲೆ ಕೊನೆಯ ಅಂಕಣದಲ್ಲಿ ಮೌಂಟ್ ಪಾಯಿಂಟ್ ಕಾಣುತ್ತದೆ. ಮೌಂಟ್ ಆಗದ ಸಾಧನಗಳನ್ನೂ ಅಂಕಣವನ್ನು ಖಾಲಿ ಬಿಟ್ಟು ತೋರಿಸುವುದು ಈ ಆದೇಶದ ದೊಡ್ಡ ಗುಣ. ಪೆನ್ ಡ್ರೈವ್ ಸಿಕ್ಕಿಸಿದ್ದರೂ ಕಡತಗಳು ಕಾಣದಿದ್ದಾಗ, ಯಂತ್ರವು ಸಾಧನವನ್ನೇ ಗುರುತಿಸಿಲ್ಲವೋ ಅಥವಾ ಗುರುತಿಸಿಯೂ ಮೌಂಟ್ ಮಾಡಿಲ್ಲವೋ ಎಂಬುದು ಇದರಿಂದ ಒಂದೇ ನೋಟಕ್ಕೆ ಇತ್ಯರ್ಥವಾಗುತ್ತದೆ. ಗಾತ್ರವೂ ಗುರುತು ಹಿಡಿಯಲು ನೆರವಾಗುತ್ತದೆ, ಆದರೆ 32 ಗಿಗಾಬೈಟ್ ಎಂದು ಅಚ್ಚಾಗಿರುವ ಪೆನ್ ಡ್ರೈವ್ ಇಲ್ಲಿ 29.8ರ ಆಸುಪಾಸಿನಲ್ಲಿ ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಗುಣಿಸಿದರೆ ಈ ಆದೇಶ 1024ರ ಲೆಕ್ಕದಲ್ಲಿ ಭಾಗಿಸುವುದೇ ವ್ಯತ್ಯಾಸಕ್ಕೆ ಕಾರಣ. ಡೆಸ್ಕ್‌ಟಾಪ್ ಪರಿಸರದಲ್ಲಿ ಪೆನ್ ಡ್ರೈವ್ ತಾನಾಗಿಯೇ ಮೌಂಟ್ ಆಗುವುದು ರೂಢಿಯಾಗಿದ್ದು, ಉಬುಂಟು ಮತ್ತು ಡೆಬಿಯನ್‌ಗಳಲ್ಲಿ /ಮೀಡಿಯಾ ಎಂಬ ಕೋಶದೊಳಗೆ, ಫೆಡೋರಾದಲ್ಲಿ /ರನ್/ಮೀಡಿಯಾ ಎಂಬುದರೊಳಗೆ, ಬಳಕೆದಾರನ ಹೆಸರಿನಡಿ ಅದಕ್ಕೊಂದು ಕೋಶ ಸೃಷ್ಟಿಯಾಗುತ್ತದೆ.

ಆ ಕೋಶಕ್ಕೆ ಹೆಸರು ಬರುವುದು ಕಡತವ್ಯವಸ್ಥೆಗೆ ಇಟ್ಟ ಲೇಬಲ್‌ನಿಂದ. ಲೇಬಲ್ ಕನ್ನಡದಲ್ಲಿಯೂ ಇರಬಹುದು, ಆದರೆ ಇಎಕ್ಸ್‌ಟಿ4 ಅದಕ್ಕೆ ಕೊಡುವ ಜಾಗ ಹದಿನಾರು ಬೈಟು ಮಾತ್ರ. ಯುಟಿಎಫ್-8 ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ, ಅಂದರೆ ಪ್ರತಿ ಮೂಲಾಕ್ಷರ, ಪ್ರತಿ ಗುಣಿತ ಚಿಹ್ನೆ, ಪ್ರತಿ ಅರ್ಧಾಕ್ಷರ ಚಿಹ್ನೆಗೆ, ಮೂರು ಬೈಟು ಬೇಕು. ‘ಕನ್ನಡ’ ಎಂಬುದು ಐದು ಸಂಕೇತಗಳಾಗಿ ಹದಿನೈದು ಬೈಟುಗಳಲ್ಲಿ ಅಡಕವಾಗುತ್ತದೆ; ಏಳು ಸಂಕೇತಗಳ ‘ಕರ್ನಾಟಕ’ಕ್ಕೆ ಇಪ್ಪತ್ತೊಂದು ಬೈಟು ಬೇಕಾಗುವುದರಿಂದ ಅದು ಹಿಡಿಸುವುದಿಲ್ಲ. ಇಂಗ್ಲಿಷಿನ ಹದಿನಾರು ಅಕ್ಷರಗಳಿಗೆ ಎಡೆಯಿರುವ ಕಡೆ ಕನ್ನಡಕ್ಕೆ ಐದೇ ಸಂಕೇತಗಳು ದಕ್ಕುವುದು ಬೈಟುಗಳಲ್ಲಿ ಮಿತಿ ಹಾಕಿದ ಹಳೆಯ ವಿನ್ಯಾಸಗಳು ಭಾರತೀಯ ಲಿಪಿಗಳ ಮೇಲೆ ಹೊರಿಸಿರುವ ಹೊರೆ, ಮತ್ತು ಇದು ಇನ್ನೂ ತೀರಿಲ್ಲ.

ಎಸ್‌ಡಿಎ, ಎಸ್‌ಡಿಬಿಗಳಂಥ ಹೆಸರುಗಳನ್ನು ನಂಬಿ ಕೂರುವಂತಿಲ್ಲ ಎಂಬುದನ್ನೂ ಹೇಳಲೇಬೇಕು. ಕರ್ನೆಲ್ ಸಾಧನಗಳನ್ನು ಕಂಡ ಕ್ರಮದಲ್ಲಿ ಹೆಸರಿಡುವುದರಿಂದ, ಇಂದು ಎಸ್‌ಡಿಬಿ ಆಗಿದ್ದ ಡಿಸ್ಕ್ ಯಂತ್ರವನ್ನು ಮರುಚಾಲನೆ ಮಾಡಿದ ಮೇಲೆ ಎಸ್‌ಡಿಸಿ ಆಗಿರಬಹುದು. ಅದಕ್ಕಾಗಿ ಪ್ರತಿ ಕಡತವ್ಯವಸ್ಥೆಗೂ ಅದನ್ನು ಸೃಷ್ಟಿಸುವಾಗಲೇ ಯುಯುಐಡಿ ಎಂಬ ಅನನ್ಯ ಗುರುತಿನ ಸಂಖ್ಯೆಯನ್ನು ಕೊಡಲಾಗುತ್ತದೆ. ಇಎಕ್ಸ್‌ಟಿ4ರಲ್ಲಿ ಇದು 128 ಬಿಟ್‌ಗಳದು, ಪೆನ್ ಡ್ರೈವುಗಳಲ್ಲಿ ಸಾಮಾನ್ಯವಾದ ಫ್ಯಾಟ್ ಬಗೆಯಲ್ಲಿ ಕೇವಲ 32 ಬಿಟ್‌ಗಳ ಕ್ರಮಸಂಖ್ಯೆ. ಬಿಎಲ್‌ಕೆಐಡಿ ಎಂಬ ಆದೇಶ ಇವನ್ನು ತೋರಿಸುತ್ತದೆ. ಯಂತ್ರ ಚಾಲೂ ಆಗುವಾಗ ಯಾವ ಸಾಧನ ಎಲ್ಲಿ ಮೌಂಟ್ ಆಗಬೇಕೆಂದು ಬರೆದಿಡುವ /ಇಟಿಸಿ/ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಈಗ ಹೆಚ್ಚಾಗಿ ಯುಯುಐಡಿಗಳನ್ನೇ ಬಳಸುವುದು ಇದೇ ಕಾರಣಕ್ಕೆ. ಆ ಕಡತ ಹೇಳುವುದು ಏನಾಗಬೇಕು ಎಂಬುದನ್ನು, ಏನಾಗಿದೆ ಎಂಬುದನ್ನಲ್ಲ. ಅದನ್ನು ಓದಿ ನೆಲೆ ತಿಳಿಯಿತೆಂದುಕೊಳ್ಳುವುದು ತಪ್ಪು.

ಏನಾಗಿದೆ ಎಂಬುದರ ದಾಖಲೆಗೂ ಒಂದು ಚರಿತ್ರೆಯಿದೆ. ಬಹುಕಾಲ ಮೌಂಟ್ ಆದೇಶವು ತಾನು ಮಾಡಿದ ಕೆಲಸವನ್ನು /ಇಟಿಸಿ/ಎಮ್‌ಟ್ಯಾಬ್ ಎಂಬ ಸಾಮಾನ್ಯ ಕಡತದಲ್ಲಿ ಬರೆದಿಡುತ್ತಿತ್ತು, ಆಮೇಲೆ ಕೇಳಿದವರಿಗೆ ಅದನ್ನೇ ಓದಿ ಹೇಳುತ್ತಿತ್ತು. ಯಂತ್ರ ಹಠಾತ್ತನೆ ಆರಿದಾಗ, ಡಿಸ್ಕಿಗೆ ಬರೆಯಲಾಗದ ಸ್ಥಿತಿ ಬಂದಾಗ, ಇನ್ನಾವುದೋ ತಂತ್ರಾಂಶ ನೇರವಾಗಿ ಕರ್ನೆಲನ್ನು ಕೇಳಿ ಮೌಂಟ್ ಮಾಡಿದಾಗ ಈ ಬರಹಕ್ಕೂ ವಾಸ್ತವಕ್ಕೂ ಹೊಂದಾಣಿಕೆ ತಪ್ಪುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು /ಪ್ರಾಕ್/ಮೌಂಟ್ಸ್. /ಪ್ರಾಕ್ ಎಂಬುದು ಯಾವ ಡಿಸ್ಕಿನಲ್ಲಿಯೂ ಇಲ್ಲದ, ಓದಲು ತೆರೆದಾಗ ಕರ್ನೆಲ್ ಆ ಕ್ಷಣದಲ್ಲಿ ತನ್ನ ಸ್ಮೃತಿಯಿಂದ ತುಂಬಿಕೊಡುವ ಕಡತವ್ಯವಸ್ಥೆ. ಹೀಗಾಗಿ ಅಲ್ಲಿ ಸಿಗುವುದು ಕರ್ನೆಲಿನ ಸ್ವಂತ ಪಟ್ಟಿ. ಇಂದಿನ ವ್ಯವಸ್ಥೆಗಳಲ್ಲಿ ಹಳೆಯ ಎಮ್‌ಟ್ಯಾಬ್ ಇದರತ್ತ ಬೊಟ್ಟು ಮಾಡುವ ಕೊಂಡಿ ಮಾತ್ರವಾಗಿ ಉಳಿದಿದೆ. ಕರ್ನೆಲಿನ 2.6.26ನೆಯ ಆವೃತ್ತಿಯಿಂದ ಇನ್ನೂ ವಿವರವಾದ ಮೌಂಟ್‌ಇನ್ಫೋ ಎಂಬ ಪಟ್ಟಿಯೂ ಲಭ್ಯವಿದ್ದು, ಪ್ರತಿ ಮೌಂಟಿನ ಕ್ರಮಸಂಖ್ಯೆ, ಅದರ ತಾಯಿ ಮೌಂಟಿನ ಕ್ರಮಸಂಖ್ಯೆ, ಸಾಧನದ ಮೇಜರ್ ಮತ್ತು ಮೈನರ್ ಅಂಕಿಗಳು, ಮೌಂಟ್ ಪಾಯಿಂಟ್ ಇವೆಲ್ಲ ಅದರ ಒಂದೊಂದು ಸಾಲಿನಲ್ಲಿವೆ. ಪಟ್ಟಿಯಲ್ಲಿ ಅಂಕಣಗಳನ್ನು ಖಾಲಿ ಜಾಗದಿಂದ ಬೇರ್ಪಡಿಸಿರುವುದರಿಂದ, ಕೋಶದ ಹೆಸರಿನೊಳಗೇ ಖಾಲಿ ಜಾಗವಿದ್ದರೆ ಅದನ್ನು ಹಿಂದೋರೆಗೆರೆಯ ಮುಂದೆ 040 ಎಂಬ ಅಷ್ಟಮಾನ ಸಂಖ್ಯೆಯಾಗಿ ಬರೆಯಲಾಗುತ್ತದೆ. ಪಟ್ಟಿಯನ್ನು ಓದುವ ಕ್ರಮವಿಧಿ ಬರೆಯುವವರು ಇದನ್ನು ಮರೆತರೆ, ಎರಡು ಪದಗಳ ಲೇಬಲ್ ಇರುವ ಪೆನ್ ಡ್ರೈವ್ ಬಂದಾಗ ಕ್ರಮವಿಧಿ ಎಡವುತ್ತದೆ.

ಮನುಷ್ಯರ ಓದಿಗೆ ಈ ಪಟ್ಟಿಯನ್ನು ಅಚ್ಚುಕಟ್ಟಾಗಿ ಜೋಡಿಸಿಕೊಡುವುದು ಫೈಂಡ್‌ಎಮ್‌ಎನ್‌ಟಿ ಎಂಬ ಆದೇಶ. ಬರಿದೇ ಮೌಂಟ್ ಎಂದು ಟೈಪ್ ಮಾಡಿದರೂ ಪಟ್ಟಿ ಬರುತ್ತದೆ, ಆದರೆ ಇಂದಿನ ಯಂತ್ರಗಳಲ್ಲಿ ಡಿಸ್ಕಿಗೆ ಸಂಬಂಧವೇ ಇಲ್ಲದ, ಸ್ಮೃತಿಯಲ್ಲಷ್ಟೇ ಇರುವ ಹತ್ತಾರು ಕಡತವ್ಯವಸ್ಥೆಗಳ ನಡುವೆ ಬೇಕಾದದ್ದನ್ನು ಹೆಕ್ಕುವುದು ಶ್ರಮದ ಕೆಲಸ. ಫೈಂಡ್‌ಎಮ್‌ಎನ್‌ಟಿ ತಾಯಿ-ಮಗು ಸಂಬಂಧ ಕಾಣುವಂತೆ ಮೌಂಟುಗಳನ್ನು ಮರದ ಆಕಾರದಲ್ಲಿ ಬಿಡಿಸುತ್ತದೆ. ಸಾಧನದ ಹೆಸರು ಕೊಟ್ಟರೆ ನೆಲೆಯನ್ನೂ ನೆಲೆ ಕೊಟ್ಟರೆ ಸಾಧನವನ್ನೂ ಹೇಳುತ್ತದೆ. ಟಾರ್ಗೆಟ್ ಎಂಬ ಆಯ್ಕೆಯ ಜೊತೆ ಯಾವುದೋ ಕಡತದ ಹೆಸರು ಕೊಟ್ಟರೆ ಆ ಕಡತ ಯಾವ ಮೌಂಟಿಗೆ ಸೇರಿದ್ದೆಂದು ತಿಳಿಸುತ್ತದೆ. ನೆಲೆ ತಿಳಿಯಲೆಂದೇ ಒಂದು ಆದೇಶವನ್ನು ಕಲಿಯುವುದಾದರೆ ಇದನ್ನೇ ಕಲಿಯಬೇಕು.

ಹೆಚ್ಚು ಜನ ಬಳಸುವುದು ಮಾತ್ರ ಡಿಎಫ್ ಅನ್ನು. ಅದು ಪಟ್ಟಿಯನ್ನು ಓದಿ ಸುಮ್ಮನಾಗದೆ ಪ್ರತಿಯೊಂದು ಕಡತವ್ಯವಸ್ಥೆಯನ್ನೂ ಮಾತನಾಡಿಸಿ, ಎಷ್ಟು ಜಾಗ ತುಂಬಿದೆ, ಎಷ್ಟು ಉಳಿದಿದೆ ಎಂದು ವಿಚಾರಿಸುತ್ತದೆ. ಅದರ ಉಪಯೋಗವೂ ತೊಂದರೆಯೂ ಎರಡೂ ಅಲ್ಲಿಯೇ ಇವೆ. ನೆಟ್‌ವರ್ಕ್ ಮೂಲಕ ದೂರದ ಡಿಸ್ಕನ್ನು ಮೌಂಟ್ ಮಾಡುವ ಎನ್‌ಎಫ್‌ಎಸ್ ಬಳಕೆಯಲ್ಲಿದ್ದು, ಅತ್ತಣ ಸರ್ವರ್ ಉತ್ತರಿಸದಿದ್ದರೆ ಡಿಎಫ್ ಕಾಯುತ್ತ ನಿಂತುಬಿಡುತ್ತದೆ. ಪಟ್ಟಿಯನ್ನಷ್ಟೇ ಓದುವ ಫೈಂಡ್‌ಎಮ್‌ಎನ್‌ಟಿಯ ಸಾಮಾನ್ಯ ಬಳಕೆಯಲ್ಲಿ ಈ ಕಾಯುವಿಕೆ ಇಲ್ಲ. ತುಂಬಿದ್ದನ್ನೂ ಉಳಿದದ್ದನ್ನೂ ಕೂಡಿದರೆ ಒಟ್ಟು ಗಾತ್ರ ಬರುವುದಿಲ್ಲವೆಂದು ಕೆಲವರು ಗಾಬರಿಯಾಗುವುದುಂಟು. ಇಎಕ್ಸ್‌ಟಿ4 ಸಾಮಾನ್ಯವಾಗಿ ಶೇಕಡಾ 5ರಷ್ಟು ಜಾಗವನ್ನು ವ್ಯವಸ್ಥಾಪಕರ ಬಳಕೆಗೆಂದು ಮೀಸಲಿಡುವುದರಿಂದ ಹಾಗಾಗುತ್ತದೆ.

ಮೊದಲು ಹೇಳಿದ ಮರೆಯಾಗುವ ಕಡತಗಳ ಸಂಗತಿ ಇಲ್ಲಿ ತನ್ನ ಪ್ರಭಾವ ತೋರಿಸುತ್ತದೆ. ಪ್ರತಿ ರಾತ್ರಿ ಮುಖ್ಯ ದತ್ತಾಂಶದ ಪ್ರತಿಯನ್ನು ಹೊರಗಿನ ಡಿಸ್ಕೊಂದಕ್ಕೆ, ಅಂದರೆ ಅದು ಮೌಂಟ್ ಆಗುವ /ಬ್ಯಾಕಪ್ ಎಂಬ ಕೋಶಕ್ಕೆ, ಬರೆಯುವ ಏರ್ಪಾಡಿದೆಯೆಂದು ಭಾವಿಸಬಹುದು. ಡಿಸ್ಕ್ ಸಿಗದಿದ್ದರೂ ಯಂತ್ರ ಚಾಲೂ ಆಗಲೆಂದು ಎಫ್‌ಎಸ್‌ಟ್ಯಾಬಿನಲ್ಲಿ ನೋಫೇಲ್ ಎಂಬ ಆಯ್ಕೆ ಬರೆದಿರುತ್ತಾರೆ. ಒಂದು ದಿನ ಡಿಸ್ಕಿನ ಕೇಬಲ್ ಸಡಿಲಗೊಂಡರೆ ಯಂತ್ರವೇನೋ ಚಾಲೂ ಆಗುತ್ತದೆ, ಆದರೆ /ಬ್ಯಾಕಪ್ ಈಗ ಮೌಂಟ್ ಪಾಯಿಂಟ್ ಅಲ್ಲ, ಒಳಗಿನ ಡಿಸ್ಕಿನ ಮೇಲಿನ ಒಂದು ಸಾಮಾನ್ಯ ಕೋಶ. ಪ್ರತಿಗಳು ಅದರೊಳಕ್ಕೇ ಬಂದು ಬೀಳುತ್ತವೆ, ಆದೇಶಗಳು ಯಾವ ದೂರನ್ನೂ ಹೇಳುವುದಿಲ್ಲ. ಮುಂದೆ ಕೇಬಲ್ ಸರಿಯಾಗಿ ಡಿಸ್ಕ್ ಮತ್ತೆ ಮೌಂಟ್ ಆದಾಗ ತಪ್ಪಾಗಿ ಬಂದ ಕಡತಗಳು ಅಡಿಯಲ್ಲಿ ಮುಚ್ಚಿಹೋಗುತ್ತವೆ. ಒಳಡಿಸ್ಕ್ ತುಂಬಿದೆಯೆಂದು ಡಿಎಫ್ ಹೇಳುತ್ತಿದ್ದರೂ, ಕಡತಗಳನ್ನು ಒಂದೊಂದಾಗಿ ಎಣಿಸಿ ಕೂಡುವ ಡಿಯು ಎಂಬ ಆದೇಶಕ್ಕೆ ಅಷ್ಟು ಕಡತಗಳು ಸಿಗುವುದೇ ಇಲ್ಲ. ಎರಡೂ ಆದೇಶಗಳು ಸತ್ಯವನ್ನೇ ಹೇಳುತ್ತಿರುತ್ತವೆ. ಬೈಂಡ್ ಎಂಬ ಆಯ್ಕೆಯೊಡನೆ ಬುಡವನ್ನೇ ಇನ್ನೊಂದು ಖಾಲಿ ಕೋಶದಲ್ಲಿ ಎರಡನೆಯ ಬಾರಿ ಮೌಂಟ್ ಮಾಡಿದರೆ, ಮೇಲೆ ಕುಳಿತ ಡಿಸ್ಕ್ ಆ ಪ್ರತಿನೋಟದಲ್ಲಿ ಸೇರದಿರುವುದರಿಂದ, ಅವಿತ ಕಡತಗಳು ಅಲ್ಲಿ ಕಾಣಸಿಗುತ್ತವೆ. ಇಂಥ ಅನಾಹುತವನ್ನು ತಡೆಯುವ ಕ್ರಮ ಸರಳವಾದುದು: ಬರೆಯುವ ಮುನ್ನ ಮೌಂಟ್‌ಪಾಯಿಂಟ್ ಎಂಬ ಹೆಸರಿನ ಪುಟ್ಟ ಆದೇಶದಿಂದ ಕೋಶವನ್ನು ಪರೀಕ್ಷಿಸಿ, ಅದು ಮೌಂಟ್ ಪಾಯಿಂಟ್ ಹೌದೆಂದರೆ ಮಾತ್ರ ಮುಂದುವರಿಯುವಂತೆ ಕ್ರಮವಿಧಿಯಲ್ಲಿ ಒಂದು ಸಾಲು ಸೇರಿಸಬೇಕು. ಆ ಒಂದು ಸಾಲನ್ನು ಬಿಡುವುದಕ್ಕೆ ಯಾವ ನೆಪವೂ ಸಲ್ಲದು.

ಕೋಶವೊಂದು ಮೌಂಟ್ ಪಾಯಿಂಟ್ ಹೌದೇ ಎಂದು ತಿಳಿಯಲು ಬಳಸುತ್ತ ಬಂದ ಹಳೆಯ ಉಪಾಯ ಗಮನಾರ್ಹವಾದುದು. ಪ್ರತಿ ಕಡತದ ವಿವರಗಳಲ್ಲಿ ಅದು ಇರುವ ಸಾಧನದ ಸಂಖ್ಯೆಯೂ ಸೇರಿರುತ್ತದೆ. ಕೋಶದ ಸಾಧನ ಸಂಖ್ಯೆಯೂ ಅದರ ತಾಯಿಕೋಶದ ಸಾಧನ ಸಂಖ್ಯೆಯೂ ಬೇರೆಯಾಗಿದ್ದರೆ ನಡುವೆ ಗಡಿಯೊಂದಿದೆಯೆಂದೇ ಅರ್ಥ. ಒಂದೇ ಕಡತವ್ಯವಸ್ಥೆಯ ಭಾಗವನ್ನು ಅದೇ ವ್ಯವಸ್ಥೆಯ ಇನ್ನೊಂದೆಡೆ ಬೈಂಡ್ ಮಾಡಿದಾಗ ಮಾತ್ರ ಸಂಖ್ಯೆ ಬದಲಾಗದ ಕಾರಣ ಈ ಉಪಾಯ ಸೋಲುತ್ತದೆ, ಕರ್ನೆಲಿನ ಪಟ್ಟಿಯನ್ನೇ ನೋಡಬೇಕಾಗುತ್ತದೆ.

ಆದರೆ ಆ ಪಟ್ಟಿಯೂ ಎಲ್ಲರಿಗೂ ಒಂದೇ ಅಲ್ಲ. 2002ರಲ್ಲಿ ಬಂದ ಕರ್ನೆಲ್ 2.4.19ರಿಂದ ಲಿನಕ್ಸ್ ಮೌಂಟ್ ನೇಮ್‌ಸ್ಪೇಸ್ ಎಂಬ ಸೌಲಭ್ಯವನ್ನು ಒಳಗೊಂಡಿದೆ. ಇದರಿಂದ ಚಾಲನೆಯಲ್ಲಿರುವ ಬೇರೆ ಬೇರೆ ಕ್ರಮವಿಧಿಗಳು, ಅಂದರೆ ಪ್ರೊಸೆಸ್‌ಗಳು, ತಮ್ಮದೇ ಆದ ಬೇರೆ ಬೇರೆ ಮರಗಳನ್ನು ಕಾಣಲು ಸಾಧ್ಯವಾಯಿತು. ಅಲ್ಲಿಯವರೆಗೆ ಇಡೀ ಯಂತ್ರಕ್ಕೆ ಒಂದಾಗಿದ್ದ /ಪ್ರಾಕ್/ಮೌಂಟ್ಸ್ ಅಂದಿನಿಂದ ಓದುವ ಪ್ರೊಸೆಸ್ಸಿನ ಸ್ವಂತ ಪಟ್ಟಿಯತ್ತ ತೋರಿಸುವ ಕೊಂಡಿಯಾಗಿ ಬದಲಾಯಿತು. ತಂತ್ರಾಂಶವನ್ನು ಅದರ ಪರಿಸರದೊಡನೆ ಪ್ರತ್ಯೇಕಿಸಿ ನಡೆಸುವ ಇಂದಿನ ಕಂಟೇನರ್ ತಂತ್ರಜ್ಞಾನ ನಿಂತಿರುವುದು ಇಂಥ ಸೌಲಭ್ಯಗಳ ಮೇಲೆಯೇ. ಸಾಧನ ಎಲ್ಲಿ ಮೌಂಟ್ ಆಗಿದೆ ಎಂಬ ಪ್ರಶ್ನೆ ಅಂದಿನಿಂದ ಯಾರಿಗೆ, ಎಲ್ಲಿ ಮೌಂಟ್ ಆಗಿದೆ ಎಂಬ ರೂಪ ಪಡೆದಿದೆ.

ಇದರ ಪರಿಣಾಮ ಅರಿವಿಗೆ ಬರುವುದು ಹೆಚ್ಚಾಗಿ ಸಾಧನವನ್ನು ಬಿಡಿಸುವ ಹೊತ್ತಿನಲ್ಲಿ. ಬರೆದ ದತ್ತಾಂಶವನ್ನು ಕರ್ನೆಲ್ ಕೂಡಲೇ ಡಿಸ್ಕಿಗೆ ಕಳಿಸದೆ ಸ್ವಲ್ಪ ಕಾಲ ಸ್ಮೃತಿಯಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ, ಯುಮೌಂಟ್ ಮಾಡಿ ಅದೆಲ್ಲ ಇಳಿಯುವವರೆಗೆ ಪೆನ್ ಡ್ರೈವನ್ನು ಕೀಳುವಂತಿಲ್ಲ. ಯಾವುದಾದರೂ ಕ್ರಮವಿಧಿ ಅದರ ಕಡತವೊಂದನ್ನು ತೆರೆದಿಟ್ಟುಕೊಂಡಿದ್ದರೆ ಸಾಧನ ಬಳಕೆಯಲ್ಲಿದೆಯೆಂದು ಯುಮೌಂಟ್ ನಿರಾಕರಿಸುತ್ತದೆ. ಹಾಗೆ ಹಿಡಿದಿರುವವರು ಯಾರೆಂದು ಎಲ್‌ಎಸ್‌ಒಎಫ್ ಅಥವಾ ಫ್ಯೂಸರ್ ಎಂಬ ಆದೇಶ ಹೇಳುತ್ತದೆ. ಸೋಮಾರಿ ವಿಧಾನವೆಂದು ಹೆಸರಾದ, ಎಲ್ ಎಂಬ ಆಯ್ಕೆಯ ಯುಮೌಂಟ್ ಮಾತ್ರ ನಿರಾಕರಿಸದೆ ನಂಟನ್ನು ಮರದಿಂದ ಒಡನೆ ಅಳಿಸುತ್ತದೆ, ಆದರೆ ಹಿಡಿದವರು ಬಿಡುವವರೆಗೆ ಕಡತವ್ಯವಸ್ಥೆ ಒಳಗೆ ಜೀವಂತವಾಗಿಯೇ ಇರುತ್ತದೆ. ಪಟ್ಟಿಯಲ್ಲಿ ಇಲ್ಲವೆಂದು ನಂಬಿ ಆಗ ಡ್ರೈವ್ ಕಿತ್ತರೆ ದತ್ತಾಂಶ ನಷ್ಟವಾಗಬಹುದು. ಇನ್ನೊಂದು ಸಂದರ್ಭದಲ್ಲಿ ಯುಮೌಂಟ್ ಯಶಸ್ವಿಯಾಗಿ, ಎಲ್‌ಎಸ್‌ಬಿಎಲ್‌ಕೆಯ ಕೊನೆಯ ಅಂಕಣವೂ ಖಾಲಿಯಾಗಿ, ಎಲ್‌ಎಸ್‌ಒಎಫ್‌ಗೂ ಏನೂ ಸಿಗದೆ, ಅದೇ ಪಾರ್ಟಿಷನ್ನನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಲು ಹೊರಟಾಗ ಮಾತ್ರ ಅದು ಬಳಕೆಯಲ್ಲಿದೆಯೆಂಬ ತಕರಾರು ಬರುತ್ತದೆ. ಸಾಧನ ಮೌಂಟ್ ಆಗಿದ್ದ ಕಾಲದಲ್ಲಿ ಆರಂಭವಾದ ಯಾವುದೋ ಸೇವೆ ಅಥವಾ ಕಂಟೇನರ್ ತನ್ನ ನೇಮ್‌ಸ್ಪೇಸಿಗೆ ಮರದ ನಕಲನ್ನು ತೆಗೆದುಕೊಂಡು ಹೋಗಿದ್ದು, ಆ ನಕಲಿನಲ್ಲಿ ಮೌಂಟ್ ಇನ್ನೂ ಉಳಿದಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಆಗ ವ್ಯವಸ್ಥಾಪಕರ ಅಧಿಕಾರ ಪಡೆದು, /ಪ್ರಾಕ್ ಒಳಗೆ ಪ್ರತಿ ಪ್ರೊಸೆಸ್ಸಿಗೂ ಇರುವ ಸಂಖ್ಯೆಯ ಕೋಶಗಳಲ್ಲಿನ ಮೌಂಟ್‌ಇನ್ಫೋ ಕಡತಗಳನ್ನೆಲ್ಲ ಗ್ರೆಪ್ ಎಂಬ ಹುಡುಕು ಆದೇಶದಿಂದ ಜಾಲಾಡಿ, ಪಾರ್ಟಿಷನ್ನಿನ 8:17ರಂಥ ಅಂಕಿಜೋಡಿ ಯಾವುದರಲ್ಲಿದೆಯೆಂದು ನೋಡಬೇಕು. ಸಿಕ್ಕ ಕಡತದ ದಾರಿಯಲ್ಲಿರುವ ಸಂಖ್ಯೆಯೇ ಆ ಪ್ರೊಸೆಸ್ಸಿನ ಗುರುತು. ಆ ಸೇವೆಯನ್ನು ಮರುಚಾಲನೆ ಮಾಡಿದರೆ ಅದರ ಹಳೆಯ ಮರದೊಡನೆ ಮೌಂಟೂ ಹೋಗಿ, ಸಾಧನ ಬಿಡುಗಡೆಯಾಗುತ್ತದೆ.